260 ವ್ಯಾಟ್‌ನ ಇಬ್ಬರು ಸವಾರರು

ಸೈಕಲ್ ರೇಸಿಗೆ ತಯಾರಾಗುವವರ ನಡುವೆ ಈಗ ಎಲ್ಲ ಮಾತೂ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆ. ಅದು ಎಫ್‌ಟಿಪಿ, ಅಂದರೆ ಫಂಕ್ಷನಲ್ ಥ್ರೆಶೋಲ್ಡ್ ಪವರ್. ಸುಮಾರು ಒಂದು ಗಂಟೆ ಕಾಲ ಒಂದೇ ಹದದಲ್ಲಿ, ಸೋತು ಕೈಚೆಲ್ಲದೆ ಪೆಡಲ್ ತುಳಿಯಲು ಸಾಧ್ಯವಾಗುವ ಗರಿಷ್ಠ ಶಕ್ತಿ ಎಷ್ಟು ವ್ಯಾಟ್ ಎಂಬ ಲೆಕ್ಕ. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಕಂಪನಿ ಕಟ್ಟಿ, ಸೈಕಲ್ಲಿನ ಕ್ರ್ಯಾಂಕಿನೊಳಗೆ ಸ್ಟ್ರೇನ್ ಗೇಜ್ ಕೂರಿಸಿ ಪವರ್ ಮೀಟರನ್ನು ರಸ್ತೆಗೆ ತಂದರು. ಅಲ್ಲಿಯವರೆಗೆ ಪ್ರಯೋಗಾಲಯದ ಗೋಡೆಯೊಳಗಿದ್ದ ಅಳತೆ ಸವಾರನ ಕಣ್ಣೆದುರಿಗೇ ಬಂತು. ಅಳೆಯುವುದು ಸುಲಭವಾದ ಮೇಲೆ ಅಳೆದದ್ದನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ವ್ಯಾಯಾಮ ಶರೀರಶಾಸ್ತ್ರಜ್ಞ ಆ್ಯಂಡ್ರ್ಯೂ ಕೊಗನ್ ಮತ್ತು ಕೋಚ್ ಹಂಟರ್ ಅಲೆನ್ 2006ರಲ್ಲಿ ಹೊರತಂದ ಪುಸ್ತಕ ಅದಕ್ಕೆ ಉತ್ತರ ಕೊಟ್ಟಿತು: ಎಫ್‌ಟಿಪಿ ಕಂಡುಹಿಡಿಯಿರಿ, ಅದರ ಶೇಕಡಾವಾರು ಲೆಕ್ಕದಲ್ಲಿ ತರಬೇತಿಯ ಏಳು ವಲಯಗಳನ್ನು ಗುರುತು ಮಾಡಿಕೊಳ್ಳಿ. ಇಂದು ಮೊಬೈಲ್ ಆ್ಯಪ್‌ಗಳಿಂದ ಹಿಡಿದು ಮನೆಯೊಳಗಿನ ಸ್ಮಾರ್ಟ್ ಟ್ರೇನರ್‌ಗಳವರೆಗೆ ಬಹುಪಾಲು ಎಲ್ಲವೂ ಈ ತಳಹದಿಯ ಮೇಲೆಯೇ ನಿಂತಿವೆ. ತಳಹದಿ ಗಟ್ಟಿಯಾಗಿದೆ. ಆದರೆ ಅದರ ಮೇಲೆ ಕಟ್ಟುವಾಗ ನಾವು ಒಂದು ಅವಸರ ಮಾಡಿದ್ದೇವೆ. ಬಹಳ ಜನರ ಸರಾಸರಿಯಿಂದ ಬಂದ ಒಂದು ಅಂದಾಜನ್ನು ಪ್ರತಿಯೊಬ್ಬ ಸವಾರನ ದೇಹದ ಸತ್ಯವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಒಂದು ಪರೀಕ್ಷೆಯಿಂದ ಬಂದ ಒಂದು ಸಂಖ್ಯೆ ತರಬೇತಿ ವಲಯಗಳನ್ನು ನಿರ್ಧರಿಸಲು ಸಾಲದು, ಕನಿಷ್ಠ ಎರಡು ಬೇಕು. ಎರಡನೆಯದನ್ನು ಪಡೆಯಲು ಹೆಚ್ಚು ಖರ್ಚೂ ಇಲ್ಲ, ಹೆಚ್ಚು ಹೊತ್ತೂ ಬೇಡ.

ಮೊದಲು ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಎಡವಟ್ಟು ಶುರುವಾಗುವುದೇ ಅಲ್ಲಿ. ಮೂಲ ಕ್ರಮದಲ್ಲಿ ಮೈ ಬಿಸಿ ಮಾಡಿಕೊಂಡ ಮೇಲೆ, ಒಂದೊಂದು ನಿಮಿಷದ ಮೂರು ಚುರುಕು ತುಳಿತಗಳಾದ ಮೇಲೆ, 5 ನಿಮಿಷ ಶಕ್ತಿಯಿದ್ದಷ್ಟೂ ಸುರಿದು ತುಳಿಯಬೇಕು. ನಂತರ 10 ನಿಮಿಷ ಹಗುರ ತುಳಿತ. ಆಮೇಲೆ ನಿಜವಾದ 20 ನಿಮಿಷ. ಆ 20 ನಿಮಿಷದ ಸರಾಸರಿ ವ್ಯಾಟ್‌ನ ಶೇ 95ರಷ್ಟನ್ನು ಎಫ್‌ಟಿಪಿ ಎಂದು ಬರೆದುಕೊಳ್ಳುತ್ತಾರೆ. ಮೊದಲ ಐದು ನಿಮಿಷದಲ್ಲಿ ಹುರುಪಿನಿಂದ ಹೆಚ್ಚು ವ್ಯಾಟ್ ಎಳೆದವನು ಹನ್ನೆರಡನೇ ನಿಮಿಷದ ಹೊತ್ತಿಗೆ ಬಾಯಿ ತೆರೆದು ಉಸಿರೆಳೆಯುತ್ತಾ, ಭುಜ ಅಲ್ಲಾಡಿಸುತ್ತಾ, ಗೇರ್ ಇಳಿಸುತ್ತಾನೆ. ಜಾಣನಾದವನು ಮೊದಲ ಹತ್ತು ನಿಮಿಷ ತುಸು ಹಿಡಿದು ತುಳಿದು ಕೊನೆಯ ಐದರಲ್ಲಿ ಏರಿಸುತ್ತಾನೆ. ಇದೇ ಕಾರಣಕ್ಕೆ ಪರೀಕ್ಷೆ ಮಾಡಿ ಪಳಗಿದವನಿಗೆ ಮೈಯಲ್ಲಿ ಏನೂ ಬದಲಾಗದಿದ್ದರೂ ಎರಡನೇ ಸಲ ಹೆಚ್ಚು ಅಂಕ ಬರುತ್ತದೆ. ಇನ್ನು ಆರಂಭದ ಆ 5 ನಿಮಿಷದ ಸುರಿಮಳೆ ಸುಮ್ಮನೆ ಸೇರಿಸಿದ್ದಲ್ಲ. ಆಮ್ಲಜನಕದ ಆಸರೆಯಿಲ್ಲದೆ ಸ್ನಾಯು ಕೊಡುವ ಶಕ್ತಿಯ ಒಂದು ಪಾಲನ್ನು ಮೊದಲೇ ಖರ್ಚು ಮಾಡಿಸಿ, ಮುಂದಿನ 20 ನಿಮಿಷದ ಫಲಿತಾಂಶ ಉಬ್ಬದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಈಗ ಬಹಳ ಮಂದಿ ಆ 5 ನಿಮಿಷವನ್ನು ಕೈಬಿಟ್ಟಿದ್ದಾರೆ, ಶೇ 95 ಎಂಬುದನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ. ಕ್ರಮ ಬದಲಾದರೂ ಗುಣಕ ಬದಲಾಗಿಲ್ಲ. ಹಾಗಾಗಿ ಬರುವ ಎಫ್‌ಟಿಪಿ ಇರಬೇಕಾದ್ದಕ್ಕಿಂತ ಮೇಲೆಯೇ ನಿಲ್ಲುತ್ತದೆ.

ಹಾಗಾದರೆ ಒಂದು ಗಂಟೆಯೇ ತುಳಿಸಿ ಅಳೆಯಬಹುದಲ್ಲ ಎಂದರೆ, ಅದನ್ನು ನಿಜವಾಗಿ ಮಾಡುವವರು ಯಾರೆಂದು ನೋಡಬೇಕು. ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ‘ಅವರ್ ರೆಕಾರ್ಡ್’ ಎಂಬ ಪ್ರಯತ್ನವಿದೆ. ಎಡ್ಡಿ ಮೆರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಕ್ರಮಿಸಿದರು. ಬ್ರಾಡ್ಲಿ ವಿಗಿನ್ಸ್ 2015ರಲ್ಲಿ ಲಂಡನ್ನಿನಲ್ಲಿ 54.526 ಕಿಲೋಮೀಟರ್, ಇಟಲಿಯ ಫಿಲಿಪ್ಪೊ ಗಾನ್ನಾ 2022ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ 56.792 ಕಿಲೋಮೀಟರ್. ಇವರೆಲ್ಲ ತಿಂಗಳುಗಟ್ಟಲೆ ಆ ಒಂದು ಗಂಟೆಗಾಗಿಯೇ ಬದುಕಿದವರು. ಆರು ವಾರಕ್ಕೊಮ್ಮೆ ಇಂಥದ್ದನ್ನು ಯಾರೂ ಮಾಡಲಾರರು, ಮಾಡಿದರೆ ಸುಧಾರಿಸಿಕೊಳ್ಳಲು ದಿನಗಳೇ ಬೇಕು. ಅಡ್ಡದಾರಿ ಹುಟ್ಟಿದ್ದು ಅದಕ್ಕೇ, ಅದರಲ್ಲಿ ತಪ್ಪೂ ಇಲ್ಲ. ಆದರೆ 20 ನಿಮಿಷದಿಂದ ಗಂಟೆಗೆ ಹಾರುವಾಗ ಶೇ 5ರಷ್ಟು ಕಳೆದರೆ ಸಾಕು ಎಂಬ ಲೆಕ್ಕ ಎಲ್ಲರಿಗೂ ಒಂದೇ ಆಗುವುದಿಲ್ಲ. ಹೀಗೆ ಬಂದ ಎಫ್‌ಟಿಪಿಯಲ್ಲಿ ಕೆಲವರು 30 ನಿಮಿಷದ ಆಸುಪಾಸಿನಲ್ಲೇ ಸೋಲುತ್ತಾರೆ, ಕೆಲವರು ಗಂಟೆ ದಾಟಿಸುತ್ತಾರೆ. ಈ ಅಂತರವನ್ನು ಕೊಗನ್ ಅವರೂ ಅಲ್ಲಗಳೆದಿಲ್ಲ.

ದೇಹದೊಳಗೆ ಏನಾಗುತ್ತದೆ ಎಂಬುದರಿಂದ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹಗುರವಾಗಿ ತುಳಿಯುವಾಗ ರಕ್ತದಲ್ಲಿ ಲ್ಯಾಕ್ಟೇಟ್ ಪ್ರಮಾಣ ಲೀಟರಿಗೆ ಒಂದು ಮಿಲಿಮೋಲ್ ಆಸುಪಾಸಿನಲ್ಲಿರುತ್ತದೆ. ಶ್ರಮ ಏರಿದಂತೆ ಒಂದು ಹಂತದಲ್ಲಿ ಅದು ವಿಶ್ರಾಂತಿಯ ಮಟ್ಟ ಬಿಟ್ಟು ಮೇಲೇಳುತ್ತದೆ, ಇದು ಮೊದಲ ಗಡಿ. ಅಲ್ಲಿಂದ ಮುಂದೆ ಸ್ವಲ್ಪ ದೂರದವರೆಗೆ ಲ್ಯಾಕ್ಟೇಟ್ ಹುಟ್ಟುವುದೂ ಬಳಕೆಯಾಗುವುದೂ ಸರಿದೂಗುತ್ತದೆ. ಇನ್ನೂ ಮೇಲೆ ಹೋದರೆ ಆ ಸಮತೋಲ ತಪ್ಪಿ, ವ್ಯಾಟ್ ಅಷ್ಟೇ ಇದ್ದರೂ ಲ್ಯಾಕ್ಟೇಟ್ ಏರುತ್ತಲೇ ಹೋಗುತ್ತದೆ. ಆ ಎರಡನೇ ಗಡಿಯೇ ನಮಗೆ ಬೇಕಾದ ಥ್ರೆಶೋಲ್ಡ್. ಪ್ರಯೋಗಾಲಯದಲ್ಲಿ ಇದನ್ನು ಸರಿಯಾಗಿ ಹಿಡಿಯಬೇಕಾದರೆ ಸವಾರನನ್ನು ಬೇರೆ ಬೇರೆ ದಿನ, ಬೇರೆ ಬೇರೆ ವ್ಯಾಟ್‌ನಲ್ಲಿ 30 ನಿಮಿಷ ತುಳಿಸಿ, ನಡುನಡುವೆ ಕಿವಿಯ ತುದಿಗೋ ಬೆರಳಿಗೋ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿ ಅಳೆಯುತ್ತಾರೆ. ಕೊನೆಯ 20 ನಿಮಿಷದಲ್ಲಿ ಲ್ಯಾಕ್ಟೇಟ್ ಒಂದು ಮಿಲಿಮೋಲ್‌ಗಿಂತ ಹೆಚ್ಚು ಏರದ ಅತಿ ದೊಡ್ಡ ವ್ಯಾಟ್ ಯಾವುದೋ ಅದೇ ಗಡಿ. ಇಷ್ಟು ಕಷ್ಟ ಬೇಡವೆಂದು 1970ರ ದಶಕದಿಂದಲೇ ‘ನಾಲ್ಕು ಮಿಲಿಮೋಲ್ ಮುಟ್ಟಿದ ಕಡೆ ಗಡಿ’ ಎಂಬ ಸುಲಭ ಸೂತ್ರ ಬಳಕೆಗೆ ಬಂತು. ಅದೂ ಸರಾಸರಿಯೇ. ಒಬ್ಬನಿಗೆ ಮೂರರಲ್ಲೇ ಗಡಿ ಬರುತ್ತದೆ, ಇನ್ನೊಬ್ಬನಿಗೆ ಆರರಲ್ಲೂ ಸಮತೋಲ ಉಳಿಯುತ್ತದೆ. 20 ನಿಮಿಷದ ಪರೀಕ್ಷೆಯಿಂದ ಬಂದ ಎಫ್‌ಟಿಪಿಯನ್ನು ಈ ಗಡಿಯ ಜೊತೆ ಹೋಲಿಸಿದ ಹಲವು ಅಧ್ಯಯನಗಳಲ್ಲೂ ಕಂಡದ್ದು ಇದೇ: ಗುಂಪಿನ ಸರಾಸರಿ ಹತ್ತಿರ ಹತ್ತಿರ ಬರುತ್ತದೆ, ಒಬ್ಬೊಬ್ಬರನ್ನೇ ತೆಗೆದು ನೋಡಿದರೆ ಅಂತರ ದೊಡ್ಡದು.

ಈಗ ಇಬ್ಬರು ಸವಾರರನ್ನು ಊಹಿಸಿಕೊಳ್ಳೋಣ. ಇಬ್ಬರೂ 20 ನಿಮಿಷದಲ್ಲಿ ಸರಾಸರಿ 260 ವ್ಯಾಟ್ ತುಳಿದಿದ್ದಾರೆ. ಶೇ 95ರ ಲೆಕ್ಕದಲ್ಲಿ ಇಬ್ಬರ ಎಫ್‌ಟಿಪಿಯೂ 247. ಆದರೆ ಬೇರೊಂದು ದಿನ 5 ನಿಮಿಷದ ಪರೀಕ್ಷೆ ಕೊಟ್ಟಾಗ ಮೊದಲನೆಯವನು 340 ವ್ಯಾಟ್ ತುಳಿದ, ಎರಡನೆಯವನು 285. ಇಲ್ಲಿ 1965ರಲ್ಲಿ ಫ್ರಾನ್ಸಿನ ಮೊನೊ ಮತ್ತು ಶೆರೆ ಸ್ನಾಯುಗಳ ಮೇಲೆ ಕಂಡುಕೊಂಡ, ಮುಂದೆ ಸೈಕಲ್ ತುಳಿತಕ್ಕೂ ಅನ್ವಯವಾದ ಕ್ರಿಟಿಕಲ್ ಪವರ್ ಲೆಕ್ಕ ನೆರವಿಗೆ ಬರುತ್ತದೆ. ಸವಾರನ ಶಕ್ತಿಯನ್ನು ತಿಂಗಳ ಸಂಬಳ ಮತ್ತು ಕೂಡಿಟ್ಟ ಗಂಟು ಎಂದು ನೋಡಬಹುದು: ಸಂಬಳದೊಳಗೆ ಎಷ್ಟು ಹೊತ್ತಾದರೂ ನಡೆಯುತ್ತದೆ, ಅದನ್ನು ಮೀರಿದ ಪ್ರತಿ ವ್ಯಾಟ್ ಗಂಟಿನಿಂದ ಕರಗುತ್ತದೆ, ಗಂಟು ಮುಗಿದ ಕ್ಷಣ ನಿಲ್ಲಲೇಬೇಕು. ಲೆಕ್ಕ ಸರಳ. ಮೊದಲನೆಯವನು 5 ನಿಮಿಷ, ಅಂದರೆ 300 ಸೆಕೆಂಡುಗಳಲ್ಲಿ ಮಾಡಿದ ಕೆಲಸ 1,02,000 ಜೌಲ್; 1,200 ಸೆಕೆಂಡುಗಳಲ್ಲಿ 3,12,000 ಜೌಲ್. ವ್ಯತ್ಯಾಸ 2,10,000. ಅದನ್ನು ಸಮಯದ ವ್ಯತ್ಯಾಸವಾದ 900ರಿಂದ ಭಾಗಿಸಿದರೆ 233 ವ್ಯಾಟ್ ಅವನ ಸಂಬಳ, 32,000 ಜೌಲ್ ಅವನ ಗಂಟು. ಎರಡನೆಯವನಿಗೆ ಇದೇ ಲೆಕ್ಕ ಹಾಕಿದರೆ ಸಂಬಳ 252 ವ್ಯಾಟ್, ಗಂಟು ಬರೀ 10,000 ಜೌಲ್. ಮೊದಲನೆಯವನು ಜಿಗಿತದ, ಕೊನೆಯ ಓಟದ ಸವಾರ. ಎರಡನೆಯವನು ಗಂಟೆಗಟ್ಟಲೆ ಒಂದೇ ಸಮ ಎಳೆಯಬಲ್ಲ ಟೈಮ್ ಟ್ರಯಲ್ ಸವಾರ. 20 ನಿಮಿಷದ ಪರೀಕ್ಷೆಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಕಾಣದಿದ್ದರೆ ನಷ್ಟವೇನು? ಥ್ರೆಶೋಲ್ಡ್ ತರಬೇತಿಯಲ್ಲಿ ಸಾಮಾನ್ಯವಾಗಿ ಹೇಳುವ ಪಾಠ, ಎಫ್‌ಟಿಪಿಯಲ್ಲಿ 20 ನಿಮಿಷ ಎರಡು ಸಲ, ನಡುವೆ ಕೆಲವು ನಿಮಿಷ ಬಿಡುವು. ಇಬ್ಬರಿಗೂ 247 ವ್ಯಾಟ್ ಹೇಳಿ ಕಳಿಸೋಣ. ಎರಡನೆಯವನು ತನ್ನ ಗಡಿಗಿಂತ 5 ವ್ಯಾಟ್ ಕೆಳಗೆ ತುಳಿದು, ಬೆವರಿಳಿಸಿ, ಸಮಾಧಾನವಾಗಿ ಮನೆಗೆ ಹೋಗುತ್ತಾನೆ. ಮೊದಲನೆಯವನು ಗಡಿಗಿಂತ 14 ವ್ಯಾಟ್ ಮೇಲಿದ್ದಾನೆ. 40 ನಿಮಿಷದಲ್ಲಿ ಅದು 33,600 ಜೌಲ್, ಅವನ ಗಂಟಿಗಿಂತ ಹೆಚ್ಚು. ನಡುವಿನ ಬಿಡುವಿನಲ್ಲಿ ಸ್ವಲ್ಪ ತುಂಬಿಕೊಂಡರೂ ಎರಡನೇ 20 ನಿಮಿಷದ ಕೊನೆಗೆ ಅವನು ರೇಸಿನ ಗೆರೆ ದಾಟಿದವನಂತೆ ಬಸವಳಿದಿರುತ್ತಾನೆ. ವಾರಕ್ಕೆ ಎರಡು ಸಲ ಇದನ್ನೇ ಮಾಡಿಸಿದರೆ ಒಬ್ಬ ಬೆಳೆಯುತ್ತಾನೆ, ಇನ್ನೊಬ್ಬ ದಣಿದು, ನಿದ್ದೆಗೆಟ್ಟು, ‘ನನಗೆ ಮನೋಬಲ ಸಾಲದು’ ಎಂದುಕೊಳ್ಳುತ್ತಾನೆ. ಇದೇ ನನಗೆ ಅತ್ಯಂತ ನೋವಿನ ಸಂಗತಿಯಾಗಿ ಕಾಣುತ್ತದೆ. ಲೆಕ್ಕದ ದೋಷವನ್ನು ಹುಡುಗನ ಸ್ವಭಾವದ ದೋಷವೆಂದು ಓದಿದಂತೆ ಅದು. ಪಾಠದಲ್ಲಿ ತಪ್ಪಿಲ್ಲ, ಅದನ್ನು ಕೊಟ್ಟ ವ್ಯಾಟ್‌ನಲ್ಲಿ ತಪ್ಪಿದೆ.

ಕೆಳಗಿನ ಗಡಿಯ ಕಥೆಯೂ ಬೇರೆಯಲ್ಲ, ಆದರೆ ಅದನ್ನು ಯಾರೂ ಅಳೆಯುವುದೇ ಇಲ್ಲ. ಕೊಗನ್ ಪಟ್ಟಿಯಲ್ಲಿ ಎರಡನೇ ವಲಯ, ಅಂದರೆ ಗಂಟೆಗಟ್ಟಲೆಯ ಸಹನಶಕ್ತಿಯ ತುಳಿತ, ಎಫ್‌ಟಿಪಿಯ ಶೇ 56ರಿಂದ 75ರವರೆಗೆ. 247 ಎಂದು ಹಿಡಿದರೆ 138ರಿಂದ 185 ವ್ಯಾಟ್. ಚೆನ್ನಾಗಿ ಪಳಗಿದ ಸವಾರನಿಗೆ 185 ಎಂಬುದು ಮೊದಲ ಗಡಿಯ ಕೆಳಗೇ ಇರಬಹುದು. ಎರಡು ವರ್ಷದ ಹಿಂದೆ ಸೈಕಲ್ ಹತ್ತಿದ, ಆಫೀಸು ಮುಗಿಸಿ ತುಳಿಯುವ ಹವ್ಯಾಸಿಗೆ ಅದೇ ಗಡಿ 155ಕ್ಕೋ 160ಕ್ಕೋ ಬಂದಿರುತ್ತದೆ. ಅವನು 180 ವ್ಯಾಟ್‌ನಲ್ಲಿ ಮೂರು ಗಂಟೆ ತುಳಿದು ‘ಹಗುರ ಸವಾರಿ’ ಎಂದು ಬರೆದುಕೊಂಡರೂ ಅವನ ದೇಹ ಅದನ್ನು ಹಗುರವೆಂದು ಲೆಕ್ಕ ಹಿಡಿಯುವುದಿಲ್ಲ. ನಾರ್ವೆಯಲ್ಲಿ ಸಂಶೋಧನೆ ನಡೆಸುವ ಸ್ಟೀಫನ್ ಸೈಲರ್, ಸ್ಕೀಯಿಂಗ್, ರೋಯಿಂಗ್, ಓಟ, ಸೈಕ್ಲಿಂಗ್‌ಗಳ ಶ್ರೇಷ್ಠ ಕ್ರೀಡಾಪಟುಗಳ ತರಬೇತಿಯನ್ನು ಅಭ್ಯಸಿಸಿ, ಅವರ ಐದು ಅಭ್ಯಾಸಗಳಲ್ಲಿ ಸುಮಾರು ನಾಲ್ಕು ಈ ಮೊದಲ ಗಡಿಯ ಕೆಳಗೇ ನಡೆಯುತ್ತವೆ ಎಂದು ತೋರಿಸಿದ್ದಾರೆ. ಅಷ್ಟು ಹೊತ್ತು ಕಳೆಯುವ ಜಾಗದ ಮೇಲಂಚನ್ನು ಬೇರೊಂದು ಗಡಿಯ ಶೇಕಡಾವಾರಿನಿಂದ ಊಹಿಸುವುದು ನ್ಯಾಯವಲ್ಲ. ಇದನ್ನು ತಿಳಿಯಲು ಯಂತ್ರವೂ ಬೇಡ. ತುಳಿಯುತ್ತಾ ಪಕ್ಕದವರೊಂದಿಗೆ ಉಸಿರು ಕಡಿಯದೆ ಉದ್ದನೆಯ ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ಕೆಳಗಿದ್ದೀರಿ. ಅರ್ಧಕ್ಕೆ ಉಸಿರು ತೆಗೆದುಕೊಳ್ಳಬೇಕಾದಲ್ಲಿ ಗಡಿ ಬಂದಿದೆ. ಆ ಹೊತ್ತಿನ ವ್ಯಾಟನ್ನೂ ಹೃದಯ ಬಡಿತವನ್ನೂ ಗುರುತು ಹಾಕಿಕೊಂಡರೆ ಆಯಿತು.

ರ‍್ಯಾಂಪ್ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಮಿಷಕ್ಕೊಮ್ಮೆ ವ್ಯಾಟ್ ಏರಿಸುತ್ತಾ, ಕಾಲು ನಿಲ್ಲುವವರೆಗೆ ತುಳಿಸಿ, ಅತ್ಯುತ್ತಮ ಒಂದು ನಿಮಿಷದ ಸರಾಸರಿ ವ್ಯಾಟ್‌ನ ಶೇ 75ರಷ್ಟನ್ನು ಎಫ್‌ಟಿಪಿ ಎಂದು ಲೆಕ್ಕ ಹಾಕುತ್ತಾರೆ. ಬೇಗ ಮುಗಿಯುತ್ತದೆ, ವೇಗ ಹಂಚಿಕೊಳ್ಳುವ ಜಾಣ್ಮೆ ಬೇಕಿಲ್ಲ. ಆದರೆ ಕೊನೆಯ ನಿಮಿಷಗಳಲ್ಲಿ ಗಂಟು ದೊಡ್ಡದಿದ್ದವನೇ ಗೆಲ್ಲುವುದರಿಂದ ನಮ್ಮ ಮೊದಲನೇ ಸವಾರನ ಸಂಖ್ಯೆ ಇಲ್ಲಿ ಇನ್ನಷ್ಟು ಉಬ್ಬುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ದೇಹದಲ್ಲಿ ಗೆರೆ ಎಳೆದ ಗಡಿಗಳೇ ಇಲ್ಲ, ವಲಯಗಳು ಒಂದರೊಳಗೊಂದು ಕರಗುತ್ತವೆ, 10–14 ವ್ಯಾಟ್‌ಗೆ ಯಾಕಿಷ್ಟು ತಲೆಬಿಸಿ ಎನ್ನುವವರಿದ್ದಾರೆ. ವಲಯಗಳು ಕರಗುತ್ತವೆ ಎಂಬುದು ನಿಜ, ಕೊಗನ್ ಕೂಡ ಅವನ್ನು ವಿವರಣೆಗೆಂದೇ ಕೊಟ್ಟದ್ದು. ಸಹನಶಕ್ತಿಯ ವಲಯದ ನಡುವೆ ತುಳಿಯುವವನಿಗೆ 10 ವ್ಯಾಟ್ ಆಚೀಚೆಯಾದರೆ ಏನೂ ಕೆಡುವುದಿಲ್ಲ ಎಂಬುದೂ ನಿಜ. ಆದರೆ ಎರಡನೇ ಗಡಿಯ ಹತ್ತಿರ ವಿಷಯ ಬೇರೆ. ಅಲ್ಲಿ ಕೆಳಗಿದ್ದರೆ ದೇಹ ಸ್ಥಿರ, ಮೇಲಿದ್ದರೆ ಅಸ್ಥಿರ. ತೀರ ಸಣ್ಣ ಅಂತರವೂ ನಿಮಿಷಗಳು ಕಳೆದಂತೆ ಕೂಡುತ್ತಾ ಹೋಗುತ್ತದೆ ಎಂಬುದನ್ನು ಮೇಲಿನ ಲೆಕ್ಕವೇ ತೋರಿಸಿದೆ. ಹತ್ತಿಪ್ಪತ್ತು ಮಂದಿಯನ್ನು ನೋಡಿಕೊಳ್ಳುವ ಕೋಚ್‌ಗೆ ಸರಳವಾದದ್ದೇ ಬೇಕು ಎಂಬುದು ಎರಡನೇ ಆಕ್ಷೇಪ. ಇದಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಅದಕ್ಕೇ ಹೇಳುತ್ತಿರುವುದು ಇನ್ನೊಂದು 5 ನಿಮಿಷದ ಪರೀಕ್ಷೆ ಮತ್ತು ಒಂದು ಭಾಗಾಕಾರ ಮಾತ್ರ. ಪ್ರಯೋಗಾಲಯಕ್ಕೇ ಹೋಗಿಬಿಟ್ಟರೆ ಎಲ್ಲ ಪರಿಹಾರವಾಗುತ್ತದೆ ಎಂಬ ಮೂರನೇ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ವ್ಯಾಟ್ ಏರಿಸುವ ಪ್ರತಿ ಹಂತ ಮೂರು ನಿಮಿಷದ್ದೋ ಐದು ನಿಮಿಷದ್ದೋ ಎಂಬುದರ ಮೇಲೆ ಅಲ್ಲಿಯ ಉತ್ತರವೂ ಬದಲಾಗುತ್ತದೆ. ಹಿಂದಿನ ದಿನ ಊಟ ಕಡಿಮೆಯಾಗಿ ಸ್ನಾಯುವಿನಲ್ಲಿ ಗ್ಲೈಕೋಜನ್ ಇಳಿದಿದ್ದರೆ ಲ್ಯಾಕ್ಟೇಟ್ ಕಡಿಮೆ ಬಂದು ಸವಾರ ಬಲಶಾಲಿಯಾದಂತೆ ತೋರುತ್ತದೆ. ಸಿಕ್ಕರೆ ಒಳ್ಳೆಯದೇ, ಸಿಗದಿದ್ದರೆ ದಾರಿ ಮುಚ್ಚಿಲ್ಲ. ಇನ್ನು ಕ್ರಿಟಿಕಲ್ ಪವರ್ ಲೆಕ್ಕವೂ ಅಂದಾಜೇ. ತೀರ ಚಿಕ್ಕ ಮತ್ತು ತೀರ ದೀರ್ಘ ಅವಧಿಗಳಲ್ಲಿ ಅದು ಹೊಂದುವುದಿಲ್ಲ, ಲ್ಯಾಕ್ಟೇಟ್ ಗಡಿಗಿಂತ ತುಸು ಮೇಲೆ ನಿಲ್ಲುವುದೂ ಉಂಟು. ಆದರೂ ಅದು ಸವಾರನ ಎರಡು ಗುಣಗಳನ್ನು ಬೇರ್ಪಡಿಸಿ ತೋರಿಸುತ್ತದೆ, ಒಂದೇ ಸಂಖ್ಯೆ ಅವುಗಳನ್ನು ಕಲಸಿಬಿಡುತ್ತದೆ.

ಸಂಖ್ಯೆ ಎಲ್ಲಿ, ಯಾವಾಗ ಸಿಕ್ಕಿತು ಎಂಬುದಕ್ಕೂ ಬೆಲೆಯಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಂಗಳೂರು ಕಡಲ ತಡಿಯಲ್ಲಿ. ಗಾಳಿಯಲ್ಲಿ ಸಿಗುವ ಆಮ್ಲಜನಕದ ವ್ಯತ್ಯಾಸಕ್ಕೇ ಕೆಲವು ಶೇಕಡಾ ಆಚೀಚೆಯಾಗಬಹುದು. ಮಂಗಳೂರಿನ ಸೆಕೆ ಆ ಲಾಭವನ್ನು ಮತ್ತೆ ಕಿತ್ತುಕೊಳ್ಳಲೂಬಹುದು. ಮನೆಯೊಳಗೆ ಫ್ಯಾನಿಲ್ಲದೆ ಟ್ರೇನರ್ ಮೇಲೆ ತುಳಿದರೆ ಮೈ ಕಾದು ವ್ಯಾಟ್ ಇಳಿಯುತ್ತದೆ. ಎಡಗಾಲಿನ ಬಲವನ್ನಷ್ಟೇ ಅಳೆದು ಎರಡರಿಂದ ಗುಣಿಸುವ ಅಗ್ಗದ ಪವರ್ ಮೀಟರ್, ಎರಡು ಕಾಲು ಸಮಬಲದವಲ್ಲದಿದ್ದರೆ ಒಂದೇ ಕಡೆಗೆ ತಪ್ಪುತ್ತಲೇ ಇರುತ್ತದೆ. ಸವಾರಿಗೆ ಮುನ್ನ ಮೀಟರನ್ನು ಸೊನ್ನೆಗೆ ತರದಿದ್ದರೆ ಬಿಸಿಲಿಗೆ ಅದರ ಓದು ಜಾರುತ್ತದೆ. ಹಾಗಾಗಿ ಹೋದ ಸಲಕ್ಕಿಂತ 4 ವ್ಯಾಟ್ ಹೆಚ್ಚು ಬಂತೆಂದು ಹಿಗ್ಗುವುದೂ 4 ಕಡಿಮೆಯಾಯಿತೆಂದು ಕುಗ್ಗುವುದೂ ಎರಡೂ ಅಕಾಲಿಕ. ಅದೇ ಯಂತ್ರ, ಅದೇ ಜಾಗ, ಅದೇ ಹೊತ್ತು, ಹಿಂದಿನ ದಿನ ಅದೇ ವಿಶ್ರಾಂತಿ, ಇಷ್ಟನ್ನು ಕಾಯ್ದುಕೊಂಡು ಬಂದ ಬದಲಾವಣೆಯನ್ನು ಮಾತ್ರ ನಂಬಬಹುದು.

ಇದೆಲ್ಲ ಹತ್ತಾರು ಸಾವಿರ ಕೊಟ್ಟು ಪವರ್ ಮೀಟರ್ ಕೊಂಡವರ ಚರ್ಚೆ ಎನಿಸಬಾರದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ದಶಕಗಳಿಂದ ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೆ ಪದಕ ತಂದಿದ್ದಾರೆ. ಅವರಲ್ಲಿ ಎಲ್ಲರ ಕ್ರ್ಯಾಂಕಿನಲ್ಲೂ ಯಂತ್ರವಿಲ್ಲ. ಎರಡು ಸಂಖ್ಯೆಗಳ ವಿಧಾನ ಅವರಿಗೂ ಒಗ್ಗುತ್ತದೆ. ಬೆಟ್ಟವಿರುವ ಕಡೆ ಗಡಿಯಾರ ಮತ್ತು ತಕ್ಕಡಿ ಸಾಕು. ಸವಾರ, ಸೈಕಲ್ ಸೇರಿ 75 ಕಿಲೋ ತೂಕ, ಏಳೂವರೆ ಕಿಲೋಮೀಟರ್ ದಾರಿಯಲ್ಲಿ 400 ಮೀಟರ್ ಏರು, 25 ನಿಮಿಷ ಎಂದಿಟ್ಟುಕೊಳ್ಳಿ. ತೂಕವನ್ನು 9.8ರಿಂದಲೂ ಏರಿನಿಂದಲೂ ಗುಣಿಸಿದರೆ 2,94,000 ಜೌಲ್. 1,500 ಸೆಕೆಂಡುಗಳಿಂದ ಭಾಗಿಸಿದರೆ 196 ವ್ಯಾಟ್. ಚಕ್ರದ ಉರುಳಿಕೆ ಮತ್ತು ಗಾಳಿಯ ತಡೆಗೆ 40 ವ್ಯಾಟ್ ಆಸುಪಾಸು ಸೇರಿಸಿದರೆ 235ರ ಹತ್ತಿರ. ನಿಖರತೆ ಯಂತ್ರದಷ್ಟಿಲ್ಲ, ಆದರೆ ಅದೇ ಬೆಟ್ಟಕ್ಕೆ ಮತ್ತೆ ಮತ್ತೆ ಬರುವವನಿಗೆ ಹೋಲಿಕೆ ಸರಿಯಾಗಿಯೇ ಸಿಗುತ್ತದೆ. ವಿಜಯಪುರದಂಥ ಬಯಲಿನಲ್ಲಿ ಗಾಳಿಯದೇ ದೊಡ್ಡ ಲೆಕ್ಕ. ಅಲ್ಲಿ ವೇಗ ಶೇ 1ರಷ್ಟು ಏರಬೇಕಾದರೆ ಶಕ್ತಿ ಶೇ 3ರ ಹತ್ತಿರ ಏರಬೇಕು. ಅದಕ್ಕೆ ಒಂದೇ ರಸ್ತೆಯಲ್ಲಿ ಹೋಗಿ ತಿರುಗಿ ಬರುವ ಹಾಗೆ, ಬೆಳಗಿನ ತಂಪಿನಲ್ಲಿ, ಗಾಳಿ ಏಳುವ ಮುಂಚೆ ಪರೀಕ್ಷೆ ನಡೆಸಿ, 5 ಮತ್ತು 20 ನಿಮಿಷದಲ್ಲಿ ಕ್ರಮಿಸಿದ ದೂರವನ್ನೂ ಕೊನೆಯ ಹತ್ತು ನಿಮಿಷದ ಹೃದಯ ಬಡಿತವನ್ನೂ ಬರೆದಿಡಬೇಕು. 5 ನಿಮಿಷದಲ್ಲಿ ಮುಂದಿದ್ದು 20ರಲ್ಲಿ ಹಿಂದೆ ಬೀಳುವ ಹುಡುಗಿ ಯಾರು, 20ರಲ್ಲಿ ಮುಂದೆ ಬರುವವಳು ಯಾರು ಎಂಬುದು ಆ ಪಟ್ಟಿಯಲ್ಲೇ ಕಾಣುತ್ತದೆ. ಯಾರಿಗೆ ಟ್ರ್ಯಾಕ್, ಯಾರಿಗೆ ರಸ್ತೆ, ಯಾರಿಗೆ ಟೈಮ್ ಟ್ರಯಲ್ ಎಂಬ ತೀರ್ಮಾನಕ್ಕೂ ಅದರಿಂದ ಒಂದು ಆಧಾರ ಸಿಗುತ್ತದೆ.

ಕ್ರೀಡಾ ಹಾಸ್ಟೆಲ್‌ಗಳ ಕೋಚ್‌ಗಳಲ್ಲಿ, ಸ್ವಂತ ಹಣದಲ್ಲಿ ಸೈಕಲ್ ಕೊಂಡು ಬೆಳಗಿನ ಜಾವ ರಸ್ತೆಗಿಳಿಯುವ ಹವ್ಯಾಸಿಗಳಲ್ಲಿ ನನ್ನ ವಿನಂತಿ ಇಷ್ಟೇ. 20 ನಿಮಿಷದ ಪರೀಕ್ಷೆಯನ್ನು ಬಿಡಬೇಡಿ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಎರಡು ಮೂರು ದಿನ ಬಿಟ್ಟು ತೆಗೆದ 5 ನಿಮಿಷದ ಸಂಖ್ಯೆಯನ್ನೂ ಮಾತು ಕಡಿಯುವ ಹಂತದ ಹೃದಯ ಬಡಿತವನ್ನೂ ಬರೆಯಿರಿ. ಥ್ರೆಶೋಲ್ಡ್ ಅಭ್ಯಾಸದ ವ್ಯಾಟನ್ನು 5 ಮತ್ತು 20 ನಿಮಿಷದ ಆ ಎರಡು ಸಂಖ್ಯೆಗಳಿಂದ ಲೆಕ್ಕ ಹಾಕಿ, ಮುಂದಿನ ಎರಡು ವಾರ ಸವಾರ ಅದನ್ನು ತಡೆದುಕೊಳ್ಳುತ್ತಾನೆಯೇ ನೋಡಿ. ತಡೆದುಕೊಳ್ಳದಿದ್ದರೆ ಮೊದಲು ಸಂಖ್ಯೆಯನ್ನು ತಿದ್ದಿ.